ಹಾಡ್ಯಾಡಿ ಅಳುವವರ ಮನೆತನದ ಕವಿ

ಎಂ.ಎ. ಓದುವಾಗ ಕಾಮನ್‌ವೆಲ್ತ್ ಸಾಹಿತ್ಯದ ಪತ್ರಿಕೆಗೆಂದು ನಮಗೆ ಕೊಟ್ಟಿದ್ದ ಜೆರಾಕ್ಸ್ ಹಾಳೆಗಳ ನಡುವೆ ಗೀಜಗ ಹಕ್ಕಿಯ ಮೇಲಿನ ಒಂದು ಪುಟ್ಟ ಕವಿತೆಯಿತ್ತು. ಗೀಜಗ ಎಂದೊಡನೆ ನನಗೆ ನೆನಪಾಗುತ್ತಿದ್ದುದು ನಮ್ಮೂರಿನ ಬಾವಿಯ ಮೇಲೆ ಬಾಗಿದ್ದ ಈಚಲ ಮರ, ಅದರ ಗರಿಗಳ ತುದಿಯಲ್ಲಿ ನೀರಿನ ಮೇಲೆ ತೂಗುತ್ತಿದ್ದ ಗೂಡುಗಳು, ಅವುಗಳ ನೇಯ್ಗೆಯನ್ನು ಕಂಡು ಹಿರಿಯರು ಆಡುತ್ತಿದ್ದ ಮೆಚ್ಚುಗೆಯ ಮಾತುಗಳು. ಆದರೆ ಆ ಕವಿತೆಯ ಗೀಜಗ ಬೇರೆಯದೇ ಆಗಿತ್ತು. ಅದು ಯಾರದೋ ಮನೆಗೆ ಬಂದು, ಅವರಿಗಿರುವ ಒಂದೇ ಒಂದು ಮರದಲ್ಲಿ ಮೊಟ್ಟೆಯಿಡುತ್ತದೆ. ಮನೆಯವರು ಅದನ್ನು ಓಡಿಸಲು ಮನಸ್ಸಾಗದೆ, ಗೂಡು ಕಟ್ಟುವುದನ್ನು ನೋಡುತ್ತ, ಮೊಟ್ಟೆಗಳ ಮೇಲ್ವಿಚಾರಣೆಯನ್ನೂ ವಹಿಸಿಕೊಳ್ಳುತ್ತಾರೆ. ಕೊನೆಗೆ ಹಕ್ಕಿಯೇ ಮನೆಯೊಡೆಯನ ವೇಷದಲ್ಲಿ ಹಿಂದಿರುಗಿ, ಮನೆಯವರಿಗೆ ಮೋಕ್ಷದ ಉಪದೇಶ ಮಾಡತೊಡಗುತ್ತದೆ. ಅದರ ಹಿಕ್ಕೆಯಿಂದ ಮೈಲಿಗೆಯಾದ ಗುಡಿಗಳನ್ನು ಮತ್ತೆ ಕಟ್ಟಲು ಮನೆಯವರು ಹೆಣಗುತ್ತಿರುವಾಗ ಕವಿತೆ ಮುಗಿಯುತ್ತದೆ.

ವಸಾಹತುಶಾಹಿಯ ರೂಪಕ ಎಂದು ಅಂಚಿನಲ್ಲಿ ಬರೆದುಕೊಂಡು ಪರೀಕ್ಷೆ ಬರೆದಿದ್ದೆ. ಪಶ್ಚಿಮ ಆಫ್ರಿಕದ ಗೀಜಗಗಳು ಊರ ನಡುವಿನ ಮರಗಳಲ್ಲಿ ಗುಂಪುಗುಂಪಾಗಿ ಗೂಡು ಕಟ್ಟಿ, ಗೂಡಿಗೆಂದು ಅದೇ ಮರದ ಗರಿಗಳನ್ನು ಸೀಳಿ ಸೀಳಿ ಮರವನ್ನು ಬೋಳಾಗಿಸಿಬಿಡುತ್ತವೆ ಎಂಬುದು ತಿಳಿದದ್ದು ಬಹಳ ವರ್ಷಗಳ ಮೇಲೆ. ಒಂದೇ ಮರವಿದ್ದವರ ಮನೆಗೆ ಅದು ಎಂಥ ಅತಿಥಿ ಎಂಬುದು ಆಗ ಅರ್ಥವಾಯಿತು. ಕವಿ ಆ ಹಕ್ಕಿಯನ್ನು ಪುಸ್ತಕದಿಂದ ತಂದಿರಲಿಲ್ಲ, ತನ್ನ ಅಂಗಳದಿಂದ ತಂದಿದ್ದರು.

ಆ ಕವಿ ಘಾನಾದ ಕೋಫಿ ಅವೂನೊರ್. ಬ್ರಿಟಿಷರು ಗೋಲ್ಡ್ ಕೋಸ್ಟ್ ಎಂದು ಕರೆಯುತ್ತಿದ್ದ ಸೀಮೆಯ ಪೂರ್ವದ ಅಂಚಿನಲ್ಲಿ, ಕೇಟಾ ಹಿನ್ನೀರಿನ ಸಮೀಪದ ವೇಟಾ ಎಂಬ ಊರಿನಲ್ಲಿ 1935ರ ಮಾರ್ಚ್ 13ರಂದು ಅವರು ಹುಟ್ಟಿದರು. ಎವೆ ಭಾಷೆಯಾಡುವ ಜನರ ಸೀಮೆ ಅದು. ಮೊದಮೊದಲು ಅವರು ಬರೆದದ್ದು ಜಾರ್ಜ್ ಅವೂನೊರ್-ವಿಲಿಯಮ್ಸ್ ಎಂಬ ಹೆಸರಿನಲ್ಲಿ. ಮುಂದೆ ಆ ಹೆಸರಿನ ಇಂಗ್ಲಿಷ್ ತುದಿಗಳೆರಡನ್ನೂ ಕಳಚಿಟ್ಟರು. ಅಚಿಮೋಟಾ ಶಾಲೆ, ಘಾನಾ ವಿಶ್ವವಿದ್ಯಾಲಯ, ಬಳಿಕ ಲಂಡನ್, ಆಮೇಲೆ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ಎಂದು ಸಾಗುವ ಅವರ ವಿದ್ಯಾಭ್ಯಾಸದ ದಾರಿ ಆ ತಲೆಮಾರಿನ ಆಫ್ರಿಕದ ಲೇಖಕರಲ್ಲಿ ಅಪರೂಪದ್ದೇನಲ್ಲ. ಅವರ ನಿಜವಾದ ಶಾಲೆ ಇನ್ನೊಂದಿತ್ತು. ಅವರ ಅಜ್ಜಿ ಶೋಕಗೀತೆಗಳನ್ನು ಹಾಡುವವರಾಗಿದ್ದರು. ಊರಿನಲ್ಲಿ ಸಾವಾದಾಗ ಹಾಡಬಲ್ಲವರ ಮೊಮ್ಮಗನಾಗಿ ಬೆಳೆದ ಹುಡುಗನ ಕಿವಿಗೆ ಇಂಗ್ಲಿಷ್ ಕಾವ್ಯ ಬೀಳುವ ಎಷ್ಟೋ ಮೊದಲೇ ಅಳುವಿನ ಲಯ ಬಿದ್ದಿತ್ತು.

ಈ ಸಂಗತಿಯನ್ನು ಓದಿದಾಗ ನಾನು ಪುಸ್ತಕವನ್ನು ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಾವಿನ ಮನೆಗೆ ಬರುವ ಹೆಂಗಸರು ಬರಿದೇ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ನನ್ನ ಆಯಿ ಹಾಗೆ ಅಳುವುದನ್ನು ಚಿಕ್ಕಂದಿನಲ್ಲಿ ಹಲವು ಸಲ ಕೇಳಿದ್ದೇನೆ. ಸತ್ತವರ ಒಂದೊಂದೇ ಗುಣವನ್ನು ಎತ್ತಿ ಹೇಳುತ್ತ, ಮೊದಲೇ ತೀರಿಕೊಂಡ ತನ್ನ ತಮ್ಮನಿಗೆ ಅವರ ಕೈಯಲ್ಲಿ ಸುದ್ದಿ ಕಳಿಸುತ್ತ, ನಡುವೆ ತನ್ನದೇ ಹಣೆಬರಹವನ್ನು ಹಳಿಯುತ್ತ ಸಾಗುವ ಆ ಅಳುವಿಗೆ ಒಂದು ಧಾಟಿಯಿತ್ತು. ಪಕ್ಕದ ಹೆಂಗಸರು ಸರಿಯಾದ ಕಡೆಯಲ್ಲಿ ದನಿಗೂಡಿಸುತ್ತಿದ್ದರು. ಅದನ್ನು ಯಾರೂ ಕಾವ್ಯ ಎಂದು ಕರೆಯಲಿಲ್ಲ. ಎವೆ ಜನ ಕರೆದರು. ಅಲ್ಲಿ ಶೋಕಗೀತೆ ಕಟ್ಟುವವನಿಗೆ ಕವಿಯ ಸ್ಥಾನವಿದೆ, ಅವನ ಹಾಡುಗಳು ಅವನ ಹೆಸರಿನಲ್ಲಿಯೇ ಊರಿಂದೂರಿಗೆ ಹೋಗುತ್ತವೆ.

ಅಂಥವರಲ್ಲಿ ದೊಡ್ಡ ಹೆಸರು ವಿನೊಕೊ ಅಕ್ಪಾಲು. ಎವೆ ಜನರ ಅನ್ಲೊ ಸೀಮೆಯಲ್ಲಿ ಅವನ ಹಾಡಿಲ್ಲದೆ ಹಿರಿಯರ ಶವಸಂಸ್ಕಾರದ ರಾತ್ರಿ ಕಳೆಯುತ್ತಿರಲಿಲ್ಲ ಎನ್ನುವಷ್ಟು ಅವನ ಧಾಟಿ ಹಬ್ಬಿತ್ತು. ತನ್ನವರೆನ್ನುವವರಿಲ್ಲದ ಒಂಟಿತನ, ವಿಧಿ ತನ್ನೊಬ್ಬನ ಮೇಲೆಯೇ ಹಗೆ ಸಾಧಿಸುತ್ತಿದೆಯೆಂಬ ದೂರು, ಸತ್ತವರು ತಮ್ಮನ್ನು ಮರೆತರೆಂಬ ಅಸಮಾಧಾನ, ಇವೇ ಅವನ ಹಾಡುಗಳ ವಸ್ತು. ಅವೂನೊರ್ ಅವರ ಅತ್ಯಂತ ಪ್ರಸಿದ್ಧ ಕವಿತೆ, ‘ಸಾಂಗ್ಸ್ ಆಫ್ ಸಾರೋ’, ಈ ಅಕ್ಪಾಲುವಿನ ಹಾಡುಗಳಿಂದಲೇ ಎದ್ದುಬಂದದ್ದು. ಅದರ ಮೊದಲ ಭಾಗದಲ್ಲಿ ಮಾತಾಡುವವನು ಹೇಳುತ್ತಾನೆ: ವಿಧಿ ತನ್ನನ್ನು ಕಾಡಿನ ಮೊನಚುಗಳ ನಡುವೆ ತಂದು ನಿಲ್ಲಿಸಿದೆ, ಹಿಂದಿರುಗುವಂತಿಲ್ಲ, ಮುಂದೆ ಹೋಗುವುದೂ ಕಷ್ಟ, ಈ ಲೋಕದ ವ್ಯವಹಾರವೆಂದರೆ ಗೋಸುಂಬೆಯ ಹೊಲಸನ್ನು ತುಳಿದ ಹಾಗೆ, ಎಷ್ಟು ಒರೆಸಿದರೂ ಹೋಗುವುದಿಲ್ಲ. ಆಮೇಲೆ ಪಾಳುಬಿದ್ದ ಮನೆತನದ ವರ್ಣನೆ ಬರುತ್ತದೆ, ಬೇಲಿಯ ಗೂಟಗಳನ್ನು ಗೆದ್ದಲು ತಿಂದಿದೆ, ಹಿರಿಯರು ಹೋಗಿಬಿಟ್ಟಿದ್ದಾರೆ, ಈಗ ಹೋಗುತ್ತಿರುವವನ ಕೈಯಲ್ಲಿ ಅವರಿಗೊಂದು ದೂರು ಕಳಿಸಬೇಕಾಗಿದೆ.

ಇಲ್ಲಿ ವಿಮರ್ಶಕರು ಒಂದು ಪ್ರಶ್ನೆಯೆತ್ತಿದರು. ಅಕ್ಪಾಲುವಿನ ಹಾಡುಗಳ ಸಾಲುಗಳನ್ನು ಇಂಗ್ಲಿಷಿಗೆ ತಂದು ಒಂದಕ್ಕೊಂದು ಹೆಣೆದರೆ ಅದು ಯಾರ ಕವಿತೆ? ಇದು ಸಣ್ಣ ಪ್ರಶ್ನೆಯಲ್ಲ, ಹಾರಿಸಿಬಿಡುವಂಥದ್ದೂ ಅಲ್ಲ. ಹೆಸರು, ಗೌರವ, ಸಂಕಲನಗಳಲ್ಲಿ ಸ್ಥಾನ ಇವೆಲ್ಲ ಇಂಗ್ಲಿಷ್ ಬಲ್ಲವನಿಗೆ ದಕ್ಕಿ, ಹಾಡಿದವನು ಅಡಿಟಿಪ್ಪಣಿಯಾಗಿ ಉಳಿಯುವ ಅನ್ಯಾಯ ಆಫ್ರಿಕದಲ್ಲಿ ಮಾತ್ರ ನಡೆದದ್ದಲ್ಲ. ನಮ್ಮ ಜನಪದ ಹಾಡುಗಾರ್ತಿಯರ ಹಾಡುಗಳನ್ನು ಬರೆದುಕೊಂಡ ಸಂಪಾದಕರ ಹೆಸರು ಮುಖಪುಟದಲ್ಲಿರುತ್ತದೆ, ಹಾಡಿದವಳ ಹೆಸರನ್ನು ಪುಸ್ತಕದ ಕೊನೆಯಲ್ಲಿ ಹುಡುಕಬೇಕಾಗುತ್ತದೆ. ನಾನೂ ಬಹಳ ದಿನ ಈ ಕವಿತೆಯನ್ನು ಅನುಮಾನದಿಂದಲೇ ಓದಿದೆ.

ನನ್ನ ಅಭಿಪ್ರಾಯ ಬದಲಾದದ್ದು ಅವರು 1974ರಲ್ಲಿ ಪ್ರಕಟಿಸಿದ ‘ಗಾರ್ಡಿಯನ್ಸ್ ಆಫ್ ದ ಸೇಕ್ರೆಡ್ ವರ್ಡ್’ ಎಂಬ ಪುಸ್ತಕದ ಬಗ್ಗೆ ತಿಳಿದುಕೊಂಡ ಮೇಲೆ. ಪವಿತ್ರ ಮಾತಿನ ಕಾವಲುಗಾರರು ಎಂಬುದು ಆ ಹೆಸರಿನ ಅರ್ಥ. ಅದರಲ್ಲಿ ಅವೂನೊರ್ ತಮ್ಮ ಕವಿತೆಗಳನ್ನು ಇಟ್ಟಿಲ್ಲ. ಅಕ್ಪಾಲು, ಡುನ್ಯೊ, ಕೋಮಿ ಎಕ್ಪೆ ಎಂಬ ಮೂವರು ಎವೆ ಕವಿಗಳ ಹಾಡುಗಳನ್ನು ಧ್ವನಿ ಮುದ್ರಿಸಿಕೊಂಡು, ಅನುವಾದಿಸಿ, ಒಬ್ಬೊಬ್ಬರ ಹೆಸರಿನಲ್ಲಿಯೇ ಜಗತ್ತಿನ ಮುಂದಿಟ್ಟಿದ್ದಾರೆ. ಇವರಲ್ಲಿ ಕೋಮಿ ಎಕ್ಪೆ ಹಾಲೋ ಎಂಬ ಬೈಗುಳದ ಕಾವ್ಯದ ಕವಿ. ಎರಡು ಕೇರಿಗಳು ಎದುರುಬದುರು ನಿಂತು, ಎದುರಾಳಿಯ ಮೂಗು, ನಡಿಗೆ, ವಂಶಾವಳಿಯವರೆಗೆ ಎಲ್ಲವನ್ನೂ ಹಾಡಿನಲ್ಲಿ ಜಾಲಾಡುವ ಈ ಪಂದ್ಯ ಎಷ್ಟು ಬಿರುಸಾಗಿತ್ತೆಂದರೆ ಕೊನೆಗೆ ಸರ್ಕಾರ ಅದನ್ನು ನಿಷೇಧಿಸಬೇಕಾಯಿತು. ಹೀಗೆ ತಾನು ಯಾರ ಸಾಲ ತೆಗೆದುಕೊಂಡೆನೆಂಬುದನ್ನು ತಾನೇ ಅಚ್ಚು ಹಾಕಿಸಿ, ಯಾರು ಬೇಕಾದರೂ ಹೋಲಿಸಿ ನೋಡಲಿ ಎಂದು ಬಾಗಿಲು ತೆರೆದಿಟ್ಟವನನ್ನು ಕಳ್ಳನೆನ್ನುವುದು ಹೇಗೆ?

ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ‘ಸಾಂಗ್ಸ್ ಆಫ್ ಸಾರೋ’ ಕವಿತೆಯಲ್ಲಿ ದೂರು ಹೋಗಬೇಕಾದ ಹಿರಿಯರ ಹೆಸರುಗಳಲ್ಲಿ ನ್ಯಿಡೆವು ಎಂಬುದೊಂದಿದೆ. ಅದು ಕವಿಯ ತಾಯಿಯ ಕಡೆಯ ಹೆಸರು. ಅವರ ಪೂರ್ಣ ಹೆಸರಿನ ಒಂದು ಭಾಗವೂ ಅದೇ. ಅಂದರೆ ಅಕ್ಪಾಲುವಿನ ಧಾಟಿಯನ್ನು ಎತ್ತಿಕೊಂಡ ಅವೂನೊರ್, ತಮ್ಮ ಮನೆಯ ಸತ್ತವರನ್ನು ಅದರೊಳಗೆ ಕೂರಿಸಿದ್ದಾರೆ. ಶೋಕಗೀತೆಯ ಪರಂಪರೆ ನಡೆಯುವುದೇ ಹೀಗೆ. ಆಯಿ ಅಳುವಾಗ ಬಳಸುತ್ತಿದ್ದ ಮಾತುಗಳು ಅವಳ ತಾಯಿಯಿಂದ ಬಂದವು, ಹೆಸರುಗಳು ಮಾತ್ರ ಅಂದಿನ ಸಾವಿನವು. ಹೊಸದಾಗಿ ಅತ್ತವಳಿಗೆ ಯಾರೂ ಇದು ನಿನ್ನ ಸ್ವಂತದ ಅಳುವೇ ಎಂದು ಕೇಳಲಿಲ್ಲ. ಸ್ವಂತಿಕೆಯ ಲೆಕ್ಕವನ್ನು ಅಚ್ಚಿನ ಕಾವ್ಯದಿಂದ ತಂದು ಸಾವಿನ ಮನೆಯ ಕಟ್ಟೆಯ ಮೇಲೆ ಇಡುವುದು ನನಗೀಗ ಸಲ್ಲದ ಕೆಲಸವೆನಿಸುತ್ತದೆ.

ಅವರ ಮೊದಲ ಸಂಕಲನ ‘ರೀಡಿಸ್ಕವರಿ’ 1964ರಲ್ಲಿ ನೈಜೀರಿಯಾದ ಇಬಾದಾನಿನಿಂದ, ಎಂಬಾರಿ ಪ್ರಕಾಶನದಿಂದ ಹೊರಬಂತು. ಅದೇ ಎಂಬಾರಿ ಎರಡು ವರ್ಷ ಮೊದಲು ಕ್ರಿಸ್ಟೊಫರ್ ಒಕಿಗ್ಬೊ ಎಂಬ ಇಗ್ಬೊ ಕವಿಯ ಮೊದಲ ಪುಸ್ತಕವನ್ನು ಪ್ರಕಟಿಸಿತ್ತು. ಆ ಒಕಿಗ್ಬೊ 1967ರಲ್ಲಿ, ಇಗ್ಬೊ ಜನರ ಸೀಮೆ ನೈಜೀರಿಯಾದಿಂದ ಬೇರೆಯಾಗಲು ಹೊರಟಾಗ ನಡೆದ ಬಯಾಫ್ರಾ ಯುದ್ಧದಲ್ಲಿ ಬಂದೂಕು ಹಿಡಿದು, ನ್ಸುಕ್ಕಾ ಪಟ್ಟಣದ ಬಳಿ ಹತನಾದಾಗ, ಅವೂನೊರ್ ಅವನಿಗಾಗಿ ‘ಲಮೆಂಟ್ ಆಫ್ ದ ಸೈಲೆಂಟ್ ಸಿಸ್ಟರ್’ ಎಂಬ ದೀರ್ಘ ಶೋಕಗೀತೆ ಬರೆದರು. ಗಂಡಸು ಕವಿಗೆ ಗಂಡಸು ಕವಿ ಬರೆದ ಆ ಹಾಡಿನಲ್ಲಿ ಅಳುವವಳು ಒಬ್ಬ ಮೌನಿ ಸೋದರಿ. ಅಜ್ಜಿಯ ಮನೆಯಲ್ಲಿ ಕಲಿತದ್ದು ಅಲ್ಲಿ ಉಪಯೋಗಕ್ಕೆ ಬಂತು ಎಂದು ನನಗೆ ಅನ್ನಿಸುತ್ತದೆ: ಹಾಗೆ ಅಳಬೇಕಾದರೆ ಹೆಣ್ಣಿನ ದನಿಯೇ ಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು.

ಈ ಕವಿತೆಯಿರುವ ‘ನೈಟ್ ಆಫ್ ಮೈ ಬ್ಲಡ್’ ಸಂಕಲನ ಬಂದದ್ದು 1971ರಲ್ಲಿ. ಅದರ ಶೀರ್ಷಿಕೆಯ ಕವಿತೆ ಎವೆ ಜನರ ವಲಸೆಯ ಕಥೆಯನ್ನು ನೆನೆಯುತ್ತದೆ. ಈಗಿನ ಟೋಗೋ ದೇಶದಲ್ಲಿರುವ ನೋಟ್ಸಿಯೆ ಎಂಬ ಗೋಡೆ ಸುತ್ತಿದ ಪಟ್ಟಣದಲ್ಲಿ ಅಗೊಕೊಲಿ ಎಂಬ ಕ್ರೂರ ಅರಸನಿದ್ದನಂತೆ. ಮಣ್ಣಿನಿಂದ ಹಗ್ಗ ಹೊಸೆದು ಕೊಡಿರೆಂದು ಜನರನ್ನು ಪೀಡಿಸುತ್ತಿದ್ದನಂತೆ. ಹೆಂಗಸರು ದಿನವೂ ಪಾತ್ರೆ ತೊಳೆದ ನೀರನ್ನು ಗೋಡೆಯ ಒಂದೇ ಜಾಗಕ್ಕೆ ಚೆಲ್ಲಿ ಚೆಲ್ಲಿ ಅದನ್ನು ಮೆದುವಾಗಿಸಿದರು. ಒಂದು ರಾತ್ರಿ ನಗಾರಿಯ ಸದ್ದಿನ ಮರೆಯಲ್ಲಿ ಆ ಗೋಡೆಯನ್ನು ಒಡೆದು ಎಲ್ಲರೂ ಹೊರಬಿದ್ದರು. ಬೆನ್ನಟ್ಟುವವರಿಗೆ ಹೆಜ್ಜೆಗುರುತುಗಳು ಊರೊಳಕ್ಕೆ ಬಂದವರದೆಂಬಂತೆ ಕಾಣಲೆಂದು ಹಿಮ್ಮುಖವಾಗಿ ನಡೆದರು. ಮುಂದೆ ಹೋಗುವುದಕ್ಕಾಗಿ ಹಿಮ್ಮುಖವಾಗಿ ನಡೆದ ಜನರ ಕುಲದಲ್ಲಿ ಹುಟ್ಟಿದ ಕವಿ, ಇಂಗ್ಲಿಷಿನಲ್ಲಿ ಬರೆಯುತ್ತಲೇ ಅಕ್ಪಾಲುವಿನ ಕಡೆಗೆ ನಡೆದದ್ದರಲ್ಲಿ ನನಗೆ ಆ ಹೆಜ್ಜೆಗಳದೇ ಗುರುತು ಕಾಣುತ್ತದೆ.

ಅವರ ಕವಿತೆಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮಾತ್ರ ಇವಾವುವೂ ಅಲ್ಲ, ಊರನ್ನು ಸಮುದ್ರ ತಿನ್ನುವ ಪುಟ್ಟ ಕವಿತೆ. ಕೇಟಾ ಪಟ್ಟಣ ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ಅಟ್ಲಾಂಟಿಕ್ ಸಾಗರ ಇರುವ ಮರಳಿನ ಪಟ್ಟಿಯ ಮೇಲಿದೆ. ಕಡಲ ಕೊರೆತ ಅಲ್ಲಿ ತಲೆಮಾರುಗಳಿಂದ ನಡೆದುಬಂದ ಸಂಕಟ; 1965ರಲ್ಲಿ ವೋಲ್ಟಾ ನದಿಗೆ ಅಕೊಸೊಂಬೊ ಅಣೆಕಟ್ಟು ಕಟ್ಟಿ ಮುಗಿಸಿದ ಮೇಲೆ, ನದಿ ತಂದು ದಡಕ್ಕೆ ತುಂಬುತ್ತಿದ್ದ ಮರಳು ನಿಂತುಹೋಗಿ ಆ ಸಂಕಟ ಇನ್ನಷ್ಟು ಹೆಚ್ಚಿತು. 1784ರಲ್ಲಿ ಡೇನಿಷರು ಕಟ್ಟಿದ ಪ್ರಿನ್ಸೆನ್‌ಸ್ಟೈನ್ ಕೋಟೆಯ ಬಹುಭಾಗವನ್ನೂ 1980ರಲ್ಲಿ ಕಡಲು ನುಂಗಿತು. ಕವಿತೆಯಲ್ಲಿ ಈ ಇತಿಹಾಸವೊಂದೂ ಇಲ್ಲ. ಸಮುದ್ರ ಊರೊಳಗೆ ಬಂದಿದೆ, ಅಡುಗೆಯ ಒಲೆಗಳವರೆಗೆ ಬಂದು ಹೋಗುತ್ತಿದೆ, ಒಲೆಯೊಳಗಿನ ಸೌದೆಯನ್ನು ಎತ್ತಿಕೊಂಡು ಹೋಗಿ ರಾತ್ರಿ ಹಿಂದಿರುಗಿಸುತ್ತಿದೆ. ಅಕು ಎಂಬ ಹೆಂಗಸು ನಡುಗುವ ಎರಡು ಮಕ್ಕಳೊಂದಿಗೆ ತನ್ನ ಅಡುಗೆಯ ಜಾಗದ ಹೊರಗೆ ನಿಂತು ಅಳುತ್ತಿದ್ದಾಳೆ. ಹಿರಿಯರು ಕೈಬಿಟ್ಟಿದ್ದಾರೆ, ದೇವರುಗಳು ಕೈಬಿಟ್ಟಿದ್ದಾರೆ. ಅಡೆನಾ ಎಂಬವಳು ಮದುವೆಯಲ್ಲಿ ಬಂದಿದ್ದ ಒಡವೆಗಳನ್ನು ಕಳೆದುಕೊಂಡಿದ್ದಾಳೆ. ಕೋಳಿ, ಮೇಕೆಗಳು ನೀರಿನಲ್ಲಿ ಒದ್ದಾಡುತ್ತಿವೆ. ಊರಲ್ಲಿ ಸಮುದ್ರ ನೆಲವನ್ನು ತಿನ್ನುತ್ತದೆ ಎಂಬ ಸಾಲು ಕೊನೆಗೆ ಅಲೆಯ ಹಾಗೆ ಮತ್ತೆ ಬಂದು ಬಡಿಯುತ್ತದೆ. ಒಂದು ವಿಪತ್ತನ್ನು ಒಲೆ, ಸೌದೆ, ಒಡವೆಗಳ ಮಟ್ಟಕ್ಕಿಳಿದು ಹೇಳಬಲ್ಲವನಿಗೆ ಬೇರೆ ಅಲಂಕಾರ ಬೇಕಾಗುವುದಿಲ್ಲ.

ಸ್ವತಂತ್ರ ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಅವರ ಕಾಲದಲ್ಲಿ ಘಾನಾದ ಚಲನಚಿತ್ರ ನಿಗಮವನ್ನು ನಡೆಸಿದ ಅವೂನೊರ್, 1966ರಲ್ಲಿ ಸೇನೆ ಆ ಸರ್ಕಾರವನ್ನು ಉರುಳಿಸಿದ ಮೇಲೆ ದೇಶ ಬಿಟ್ಟು ಹೋದರು. ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿ, ಕವಿಯಾಗಿ ಹೆಸರು ಮಾಡಿ, ಅಲ್ಲಿಯೇ ಉಳಿಯಬಹುದಾಗಿದ್ದರೂ 1975ರಲ್ಲಿ ಕೇಪ್ ಕೋಸ್ಟ್ ವಿಶ್ವವಿದ್ಯಾಲಯಕ್ಕೆ ಹಿಂದಿರುಗಿದರು. ಆ ವರ್ಷ ಮುಗಿಯುವುದರೊಳಗೆ ಬಂಧನವಾಯಿತು. ಸೇನಾ ಸರ್ಕಾರವನ್ನು ಉರುಳಿಸಲು ಸಂಚು ಮಾಡಿದ ಆರೋಪ ಹೊತ್ತ ಸೇನಾಧಿಕಾರಿಯೊಬ್ಬರಿಗೆ ಆಶ್ರಯ ಕೊಟ್ಟರೆಂಬುದು ಅವರ ಮೇಲಿನ ಆರೋಪ. 1976ರ ಅಕ್ಟೋಬರಿನಲ್ಲಿ ಬಿಡುಗಡೆಯಾಗುವವರೆಗೆ ಅವರನ್ನಿಟ್ಟದ್ದು ಅಕ್ರಾದ ಕಡಲ ದಂಡೆಯಲ್ಲಿ, ಯುರೋಪಿನ ವ್ಯಾಪಾರಿಗಳು ಹಿಂದೊಮ್ಮೆ ಕಟ್ಟಿದ್ದ ಕೋಟೆಯೊಂದು ಜೈಲಾಗಿ ಬದಲಾಗಿದ್ದ ಜಾಗದಲ್ಲಿ. ಗುಲಾಮರನ್ನು ಹಡಗಿಗೇರಿಸುವ ಮೊದಲು ಕೂಡಿಹಾಕುತ್ತಿದ್ದ ಗೋಡೆಗಳ ಒಳಗೆ, ಸ್ವತಂತ್ರ ದೇಶದ ಕವಿಯನ್ನು ಅವನದೇ ದೇಶದ ಸರ್ಕಾರ ಕೂಡಿಹಾಕಿತು. ಅಲ್ಲಿ ಬರೆದ ಕವಿತೆಗಳು 1978ರಲ್ಲಿ ‘ದ ಹೌಸ್ ಬೈ ದ ಸೀ’ ಎಂಬ ಸಂಕಲನವಾಗಿ ಬಂದವು. ಹಿಂದಿನ ಶೋಕಗೀತೆಗಳ ಸುದೀರ್ಘ ಲಯ ಅಲ್ಲಿ ಮುರಿದಿದೆ. ಸಾಲುಗಳು ಕಿರಿದಾಗಿವೆ, ಮಾತು ನೇರವಾಗಿದೆ, ಪಕ್ಕದ ಕೈದಿಗಳು, ಕಾವಲುಗಾರರು, ಗೋಡೆಯಾಚೆಯ ಅಲೆಯ ಸದ್ದು ಒಳಬಂದಿವೆ.

ಮುಂದಿನ ವರ್ಷಗಳ ಬಗ್ಗೆ ಬರೆಯುವಾಗ ನನಗೆ ಅಷ್ಟೇ ಒಲವು ಉಳಿಯುವುದಿಲ್ಲ. ಒಂದು ಸೇನಾ ಸರ್ಕಾರ ಜೈಲಿಗೆ ಹಾಕಿದ್ದ ಕವಿ, 1981ರ ಕೊನೆಯ ದಿನ ಅಧಿಕಾರ ಹಿಡಿದ ಇನ್ನೊಂದು ಸೇನಾ ಸರ್ಕಾರದ ಪ್ರತಿನಿಧಿಯಾದರು. ಆ ಸರ್ಕಾರದ ಮೊದಲ ವರ್ಷದಲ್ಲಿ ಮೂವರು ನ್ಯಾಯಾಧೀಶರನ್ನು ಮನೆಯಿಂದ ಎಳೆದೊಯ್ದು ಕೊಂದ ಘಟನೆ ನಡೆದಿತ್ತು. ಅವೂನೊರ್ 1984ರಿಂದ ಬ್ರೆಜಿಲಿನಲ್ಲಿ, ಬಳಿಕ ಕ್ಯೂಬಾದಲ್ಲಿ ರಾಯಭಾರಿಯಾಗಿ, 1990ರಿಂದ 1994ರವರೆಗೆ ವಿಶ್ವಸಂಸ್ಥೆಯಲ್ಲಿ ಘಾನಾದ ಕಾಯಂ ಪ್ರತಿನಿಧಿಯಾಗಿ ಕೆಲಸ ಮಾಡಿದರು. ವಸಾಹತುಗಳಿಂದ ಬಿಡುಗಡೆಯಾದ ದೇಶಗಳ ಪರವಾಗಿ ನಿಲ್ಲಬೇಕೆಂಬ ಅವರ ನಂಬಿಕೆ ಪ್ರಾಮಾಣಿಕವಾದದ್ದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೂ ಆ ಕಾಲದ ಕ್ರಾಂತಿಯ ಕವಿತೆಗಳಲ್ಲಿ ಘೋಷಣೆಯ ದನಿ ಜೋರಾಗಿದೆ, ಅಕುವಿನ ಒಲೆ ದೂರವಾಗಿದೆ. ಬರೆದದ್ದೆಲ್ಲವನ್ನೂ ಮೆಚ್ಚಿಕೊಂಡರೆ ಮಾತ್ರ ಕವಿಯ ಮೇಲಿನ ಪ್ರೀತಿ ಎಂದು ನಾನು ತಿಳಿದಿಲ್ಲ.

2013ರ ಸೆಪ್ಟೆಂಬರಿನಲ್ಲಿ, 78ನೆಯ ವಯಸ್ಸಿನಲ್ಲಿ, ಅವರು ಸ್ಟೋರಿಮೋಜಾ ಹೇ ಸಾಹಿತ್ಯೋತ್ಸವಕ್ಕೆಂದು ಕೀನ್ಯಾದ ನೈರೋಬಿಗೆ ಹೋದರು. ಜೊತೆಯಲ್ಲಿ ಮಗನಿದ್ದ. 21ರ ಶನಿವಾರ ಸಂಜೆ ಅವರು ಕವಿತೆ ಓದಬೇಕಾಗಿತ್ತು. ಆ ದಿನ ತಂದೆ ಮಗ ಇಬ್ಬರೂ ವೆಸ್ಟ್‌ಗೇಟ್ ಎಂಬ ಮಳಿಗೆ ಸಂಕೀರ್ಣದಲ್ಲಿದ್ದಾಗ ಸೊಮಾಲಿಯಾದ ಅಲ್-ಶಬಾಬ್ ಎಂಬ ಉಗ್ರಗಾಮಿ ಸಂಘಟನೆಯ ಬಂದೂಕುಧಾರಿಗಳು ಒಳನುಗ್ಗಿದರು. ಆ ದಾಳಿಯಲ್ಲಿ ಬಲಿಯಾದ 67 ಮಂದಿಯಲ್ಲಿ ಅವೂನೊರ್ ಕೂಡ ಒಬ್ಬರು. ಮಗ ಗಾಯಗೊಂಡು ಬದುಕಿದ. ಆ ಸುದ್ದಿಯನ್ನು ನಾನು ಓದಿದ್ದು ಮರುದಿನದ ಪತ್ರಿಕೆಯಲ್ಲಿ. ಸತ್ತವರ ಪಟ್ಟಿಯ ನಡುವೆ ಘಾನಾದ ಕವಿ ಎಂಬ ಎರಡು ಪದ ಕಂಡು, ಹೆಸರನ್ನು ಮೂರು ಸಲ ಓದಿ, ಹಳೆಯ ಟ್ರಂಕಿನಲ್ಲಿ ಆ ಜೆರಾಕ್ಸ್ ಹಾಳೆಗಳನ್ನು ಹುಡುಕಿದೆ. ಗೀಜಗದ ಕವಿತೆಯ ಅಂಚಿನಲ್ಲಿ ನನ್ನ ಅಕ್ಷರದಲ್ಲಿ ‘ರೂಪಕ’ ಎಂಬ ಒಂದು ಪದವಿತ್ತು.

ಸಾವಿನ ಬಗ್ಗೆ ಅವರು ಜೀವನವಿಡೀ ಬರೆದಿದ್ದರು. ಕುಟ್ಸಿಯಾಮಿ ಎಂಬ ಅಂಬಿಗ ಎವೆ ನಂಬಿಕೆಯಲ್ಲಿ ಸತ್ತವರನ್ನು ನದಿ ದಾಟಿಸುವವನು. ಅವನನ್ನು ಕರೆಯುವ ಒಂದು ಹಳೆಯ ಕವಿತೆಯಲ್ಲಿ, ನಾನು ದಡಕ್ಕೆ ಬಂದಾಗ ದಾಟಿಸು ತಂದೆ, ನಿನಗೆ ಕೊಡಬೇಕಾದ ಹಣ ನನ್ನ ಸೆರಗಿನ ಗಂಟಿನಲ್ಲಿಲ್ಲ ಎಂಬ ಬೇಡಿಕೆ ಬರುತ್ತದೆ. ಅವರ ಕೊನೆಯ ಕಾಲದ ಕವಿತೆಗಳನ್ನೂ ಒಳಗೊಂಡ ‘ದ ಪ್ರಾಮಿಸ್ ಆಫ್ ಹೋಪ್’ ಎಂಬ ಆಯ್ದ ಕವಿತೆಗಳ ಸಂಪುಟ ಅವರು ಬದುಕಿದ್ದಾಗಲೇ ಸಿದ್ಧವಾಗುತ್ತಿತ್ತು. ಅದು ಹೊರಬಂದದ್ದು 2014ರಲ್ಲಿ. ಸಂಪಾದಿಸಿದವರು ಅವರದೇ ಎವೆ ಸೀಮೆಯ ಕವಿ ಕೋಫಿ ಅನ್ಯಿಡೊಹೊ. ಅದರಲ್ಲಿರುವ, ಹೊಸ ಬೆಳಗನ್ನು ಕುರಿತ ಕವಿತೆಯೊಂದು ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಅಮೆರಿಕದ ಪತ್ರಿಕೆಯೊಂದರ ಮೂಲಕ ಲೋಕಕ್ಕೆಲ್ಲ ತಲುಪಿತು.

ಆ ಕವಿತೆಯಲ್ಲಿ, ತಮ್ಮ ಕುಣಿತದ ನಡುವೆ ದುಷ್ಟರು ಹೊಲಕ್ಕೆ ನುಗ್ಗಿ ಕೆಟ್ಟ ಹಾಡು ಹಾಡಿ ಹಬ್ಬ ಕೆಡಿಸಿದರೆಂಬ ಮಾತು ಬರುತ್ತದೆ. ಆದರೂ ನಮ್ಮ ಕಾಲ ಮುಗಿಯಿತೆಂದು ಹೇಳಿದವರಾರು, ಶವಪೆಟ್ಟಿಗೆ ಮಾಡುವವನೂ ಗುಂಡಿ ತೋಡುವವನೂ ಕೂತು ಸಮಾಲೋಚಿಸುತ್ತಿದ್ದಾರೆಂದು ಹೇಳಿದವರಾರು ಎಂದು ಮುದುಕ ಕವಿ ಕೇಳುತ್ತಾರೆ. ಹುಳು ತಿಂದಲ್ಲಿಯೇ ಕಾಳು ಮೊಳೆಯುತ್ತದೆ ಎನ್ನುತ್ತಾರೆ. ಶೋಕಗೀತೆ ಹಾಡುವ ಅಜ್ಜಿಯ ಮೊಮ್ಮಗ, ಅಕ್ಪಾಲುವಿನ ಅಳುವನ್ನು ಎತ್ತಿಕೊಂಡು ಹೊರಟವನು, ಕೊನೆಯಲ್ಲಿ ಸಾವು ತನ್ನ ಮನೆಯ ಬಾಗಿಲಿಗೆ ಬರುವ ಗಳಿಗೆಯನ್ನು ಹೀಗೆ ಕಂಡಿದ್ದಾರೆ: ಒಳಗೆ ನಗುವಿರುತ್ತದೆ, ಕುಣಿತವಿರುತ್ತದೆ, ಎಳೆಯ ಕುರಿಯ ಮಾಂಸದ ಹಬ್ಬವಿರುತ್ತದೆ, ಹೊಸ ಜೋಳದ ಕೆಂಪು ಅಂಬಲಿಯಿರುತ್ತದೆ.